ಸರಾಸರಿ ಬಿಲ್ಲಿನಲ್ಲಿ ನಮ್ಮ ಯಜಮಾನರು

ವಿದ್ಯುತ್ ಕಚೇರಿಯ ಬಿಲ್ ವಿಭಾಗದ ಮಾನ್ಯ ಅಧಿಕಾರಿಗಳೇ,

ಸವಿನಯ ವಂದನೆಗಳು. ಈಗ ಸಂಜೆ ಆರು ಗಂಟೆ. ಬೆಳಿಗ್ಗೆ ಬಟ್ಟೆ ಒಗೆದು ಹರವಿದೆ, ಮಧ್ಯಾಹ್ನವೆಲ್ಲ ತಮ್ಮ ಕಚೇರಿಯ ಸಾಲಿನಲ್ಲಿ ನಿಂತೆ, ಬಟ್ಟೆ ಇನ್ನೂ ತಂತಿಯ ಮೇಲೇ ಇದೆ.

ನನ್ನ ಓದು ಅಷ್ಟಕ್ಕಷ್ಟೆ. ಆದರೂ ತಮ್ಮ ಬಿಲ್ಲನ್ನು ಕನ್ನಡಕ ಒರೆಸಿ ಒರೆಸಿ ಓದಿದೆ. ನಿಗದಿತ ಶುಲ್ಕವೆಂದರೆ ದೀಪ ಹಾಕಿದರೂ ಹಾಕದಿದ್ದರೂ ಕೊಡಬೇಕಾದದ್ದು, ತೆರಿಗೆಯೆಂದರೆ ಕೊಟ್ಟಿದ್ದರ ಮೇಲೆ ಇನ್ನಷ್ಟು ಕೊಡುವುದು ಎಂದು ತಿಳಿಯಿತು. ತಿಳಿಯದೇ ಹೋದದ್ದು ಬಳಕೆಯ ಸಾಲೊಂದೇ. ಮರ ಕಡೆಯುವ ಕೆಲಸ ಮಾಡುತ್ತಿದ್ದ ನಮ್ಮ ಯಜಮಾನರು ತೀರಿಕೊಂಡು ಮೂರು ತಿಂಗಳಾಗುತ್ತ ಬಂತು. ಹಿಂದಿನ ಕೋಣೆಯಲ್ಲಿರುವ, ಮರ ಕಡೆಯುವ ಅವರ ಲೇತ್ ಯಂತ್ರ ಅಂದಿನಿಂದ ತಿರುಗಿಲ್ಲ. ಮನೆಯಲ್ಲಿ ಒಂದು ದೀಪ, ಒಂದು ಫ್ಯಾನು, ನಾನು. ಬಿಲ್ಲು ಮಾತ್ರ ಅವರಿದ್ದಾಗ ಬರುತ್ತಿದ್ದಷ್ಟೇ.

ಕೌಂಟರಿನಲ್ಲಿದ್ದ ಹೆಣ್ಣುಮಗಳು ಬಹಳ ತಾಳ್ಮೆಯಿಂದ ವಿವರಿಸಿದರು. "ಅಮ್ಮಾ, ನಿಮ್ಮನೇಲಿ ಬಳಕೆ ಒಂದೇ ಸಲಕ್ಕೆ ಇಳಿದುಬಿಟ್ಟಿದೆ. ಹಾಗಾದ್ರೆ ಮೀಟರೇ ಕೆಟ್ಟಿದೆ ಅಂತ ಲೆಕ್ಕ. ಅದಕ್ಕೇ ಹಿಂದಿನ ತಿಂಗಳುಗಳ ಸರಾಸರಿ ಹಾಕಿದೀವಿ."

"ಮೀಟರ್ ಕೆಟ್ಟಿಲ್ಲ ಕಣಮ್ಮಾ, ಅವರೇ ಇಲ್ಲ," ಅಂದೆ.

"ಅದು ಕಂಪ್ಯೂಟರಿಗೆ ಗೊತ್ತಾಗಲ್ವಲ್ಲಮ್ಮಾ," ಎಂದು ತಲೆ ತಗ್ಗಿಸಿದರು. ಪಾಪ, ನನಗಿಂತ ಅವರಿಗೇ ಸಂಕಟವಾಯಿತು.

ಮಾನ್ಯರೇ, ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ವೈದ್ಯರು ಕೈಚೆಲ್ಲಿದರು, ನೆಂಟರು ಅತ್ತು ಹೊರಟರು, ನಾದಿನಿ ಅವರ ಅಂಗಿಗಳನ್ನು ಗಂಟು ಕಟ್ಟಿ ಯಾರಿಗೋ ಕೊಟ್ಟಳು. ಅವರು ಇಲ್ಲವೆಂಬುದನ್ನು ಒಪ್ಪದೇ ಗಟ್ಟಿಯಾಗಿ ನಿಂತವರು ತಾವೊಬ್ಬರೇ. ತಮ್ಮ ಲೆಕ್ಕದ ಪ್ರಕಾರ ಅವರು ಕಳೆದ ತಿಂಗಳೂ ಎಂದಿನಂತೆ ಎದ್ದು, ಲೇತ್ ಹಾಕಿ, ಊಟಕ್ಕೆ ಕರೆದರೂ ಕಿವಿಗೊಡದೆ ದುಡಿದಿದ್ದಾರೆ. ಬಹಳ ಸಂತೋಷ. ಹಾಗಿದ್ದಲ್ಲಿ ಅವರು ಕಡೆದ ಮಂಚದ ಕಾಲುಗಳನ್ನು ದಯಮಾಡಿ ಕಳಿಸಿಕೊಡಬೇಕು. ಅಂಗಡಿಯವರು ಕೇಳುತ್ತಲೇ ಇದ್ದಾರೆ. ಜೊತೆಗೆ ಆ ಕೆಲಸದಿಂದ ಬಿದ್ದ ಮರದ ಹೊಟ್ಟನ್ನೂ ಒಂದು ಚೀಲದಲ್ಲಿ ಕಳಿಸಿ. ಅದನ್ನು ಅವರು ಚಪ್ಪಲಿಯಲ್ಲಿ ಅಡುಗೆಮನೆಯವರೆಗೂ ತರುತ್ತಿದ್ದರು, ನಾನು ಬೈಯುತ್ತ ಗುಡಿಸುತ್ತಿದ್ದೆ. ಸರಾಸರಿ ಮನುಷ್ಯನಿಗೆ ಹೊತ್ತಿಗೆ ಎಷ್ಟು ಅಡುಗೆ ಮಾಡಬೇಕೆಂಬುದನ್ನೂ ತಿಳಿಸಿದರೆ ಉಪಕಾರ.

ಮೀಟರ್ ಸರಿಯಿದೆಯೆಂದು ಸಾಬೀತಾಗಲು ದೊಡ್ಡ ಮೋಟಾರೊಂದನ್ನು ಓಡಿಸಿ ತೋರಿಸಬೇಕಂತೆ. ದೀಪ, ಫ್ಯಾನು ಸಾಲದಂತೆ. ನಮ್ಮಲ್ಲಿರುವುದು ಆ ಲೇತ್ ಒಂದೇ. ಅದರ ಸ್ವಿಚ್ಚನ್ನು ಅವರಿದ್ದಾಗ ಮುಟ್ಟಗೊಡುತ್ತಿರಲಿಲ್ಲ, ಆಮೇಲೆ ನನಗೇ ಮನಸ್ಸಾಗಲಿಲ್ಲ. ಸದ್ದು ಕೇಳಿದೊಡನೆ ಮರೆತು ಊಟಕ್ಕೆ ಕರೆದುಬಿಟ್ಟೇನೆಂಬ ಹೆದರಿಕೆಯೂ ಇದೆ. ಪರೀಕ್ಷೆಯಾದರೆ ಸರಾಸರಿ ತೆಗೆದು ನಿಜವಾದ ಬಳಕೆ ಬರೆಯುತ್ತೀರಂತೆ. ಎಂದರೆ ತಮ್ಮ ಲೆಕ್ಕದಲ್ಲೂ ಅವರು ಇಲ್ಲವಾಗುತ್ತಾರೆ. ಆದರೂ ಪರೀಕ್ಷೆಗೆ ಒಪ್ಪಿ ರುಜು ಹಾಕಿ ಬಂದಿದ್ದೇನೆ.

ತಮ್ಮ ವಿಶ್ವಾಸಿ,
ಮರ ಕಡೆಯುವವರ ಹೆಂಡತಿ

ತಾ.ಕ.: ಬಿಲ್ಲಿನ ಅಡಿಯಲ್ಲಿ 'ವಿದ್ಯುತ್ ಉಳಿಸಿ' ಎಂದು ಅಚ್ಚು ಹಾಕಿಸಿದ್ದೀರಿ. ಉಳಿಸಿದವರ ಮೇಲೆ ಅನುಮಾನ ಪಡಲಾಗುವುದು ಎಂದೂ ಸೇರಿಸಿದರೆ ಜನಕ್ಕೆ ಅನುಕೂಲ. ತಮ್ಮ ಪರೀಕ್ಷಕರು ನಾಳೆ ಬೆಳಿಗ್ಗೆ ಬರುತ್ತಾರೆ. ಸ್ವಿಚ್ ನಾನೇ ಹಾಕಬೇಕು.