ಅರವತ್ನಾಲ್ಕರಲ್ಲಿ ಮೂವತ್ತೇಳು ಹೋದರೆ

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿನ ಮೇಲೆ ಸೀಮೆಸುಣ್ಣದಿಂದ ನಂಬರು ಬರೆದರೆ ಅದು ಮಾರಾಟವಾದ ಕಲ್ಲು ಎಂದು ಅರ್ಥ. ಗಣಿಯಲ್ಲಿ ನಂಬರು ಬಿದ್ದ ಕಲ್ಲನ್ನು ಹಮಾಲರು ಯಾರನ್ನೂ ಕೇಳದೆ ಎತ್ತಿ ಟ್ರ್ಯಾಕ್ಟರಿಗೆ ಹಾಕುತ್ತಾರೆ. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಗೊತ್ತಿಲ್ಲದವನು ರಾಜರತ್ನ ಒಬ್ಬನೇ. ಸೇಡಂ ಕಡೆಯಿಂದ ಬಂದು ಇಲ್ಲಿ ಸರ್ಕಾರಿ ಗುಮಾಸ್ತನಾಗಿದ್ದ ಅವನು ಫೈಲಿನ ನಂಬರು ಬಿಟ್ಟು ಬೇರೆ ನಂಬರಿನ ಸುದ್ದಿಗೆ ಹೋದವನಲ್ಲ.

ಆ ಭಾನುವಾರ ಹೆಂಡತಿ ರಾಧಿಕಾ ತಂಗಿಯ ಮಗುವಿನ ತೊಟ್ಟಿಲಿಗೆಂದು ದಂಡೋತಿಗೆ ಹೊರಟಳು. ಹೊರಡುವಾಗ ಮಗಳು ಲುಂಬಿನಿಯ ಗಣಿತದ ಪೇಪರನ್ನು ಗಂಡನ ಕೈಗಿತ್ತಳು. ನಾಲ್ಕನೆಯ ಕ್ಲಾಸಿನ ಲುಂಬಿನಿಗೆ ಕಳೆಯುವ ಲೆಕ್ಕದಲ್ಲಿ ಸೊನ್ನೆ ಬಂದಿತ್ತು. ಮನೆಯಲ್ಲಿ ಆಟವಾಡಿಸುತ್ತ ಕಲಿಸಿ ಎಂದು ಟೀಚರ್ ಕೆಳಗೆ ಬರೆದಿದ್ದರು.

"ಸಂಜಿತನಕ ಕಲಿಸ್ರಿ. ಬೈಬ್ಯಾಡ್ರಿ, ಅಳಿಸಬ್ಯಾಡ್ರಿ. ಆಗಲಿಲ್ಲಂದ್ರ ನಾಳಿಂದ ಆಕಿ ಕೂಡ ನೀವೂ ಟ್ಯೂಷನ್‌ಗೆ ಹೋಗ್ರಿ," ಎಂದಳು ರಾಧಿಕಾ.

ಲುಂಬಿನಿಗೆ ಕಷ್ಟವಾದದ್ದು ಪಕ್ಕದ ಮನೆಯಿಂದ ಹತ್ತು ಕಡ ತರುವ ವಿದ್ಯೆ. ತಂದ ಹತ್ತನ್ನು ವಾಪಸ್ ಕೊಡುವುದು ಯಾವಾಗ ಎಂದು ಅವಳು ಕೇಳಿದಳು. ಹದಿನೈದು ವರ್ಷ ಸರ್ಕಾರಿ ನೌಕರಿ ಮಾಡಿದವನು ಉತ್ತರ ಹುಡುಕಲು ಫೋನು ತೆಗೆದ.

ಕೊನೆಗೆ ಫೋನಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಅದರಲ್ಲಿ ಯಾರೋ ಒಬ್ಬ ಅಪ್ಪ ನೆಲದ ಮೇಲೆ ಅಂಕಿ ಬರೆದು ಮಗುವನ್ನು ಕುಣಿಸುತ್ತಿದ್ದ. ರಾಜರತ್ನನ ಅಂಗಳದಲ್ಲಿ ಎಂಟೆಂಟು ಸಾಲಿನ ಅರವತ್ನಾಲ್ಕು ಫರಸಿಗಳಿದ್ದವು. ಮಾವ ದೇವಿಂದ್ರಪ್ಪ ಗಣಿಯಲ್ಲಿ ನಿಂತು, ಒಂದೊಂದನ್ನೂ ಬಡಿದು ದನಿ ಕೇಳಿ, ಆರಿಸಿ ಹಾಸಿಸಿದ ಕಲ್ಲುಗಳು ಅವು. ರಾಧಿಕಾ ಅವುಗಳ ಮೇಲೆ ಚಪ್ಪಲಿ ಸಹ ಬಿಡಗೊಡುತ್ತಿರಲಿಲ್ಲ. ರಾಜರತ್ನ ಮೊಣಕಾಲೂರಿ ಒಂದರಿಂದ ಅರವತ್ನಾಲ್ಕರವರೆಗೆ ಸೀಮೆಸುಣ್ಣದಿಂದ ದಪ್ಪಕ್ಷರದಲ್ಲಿ ನಂಬರು ಬರೆದ.

ಲುಂಬಿನಿ ಅರವತ್ನಾಲ್ಕರ ಮೇಲೆ ನಿಂತು ಮೂವತ್ತೇಳು ಕಲ್ಲು ಹಿಂದಕ್ಕೆ ಜಿಗಿಯಬೇಕಿತ್ತು. ಹನ್ನೊಂದನೆಯ ಜಿಗಿತಕ್ಕೆ ಬೆಕ್ಕು ಅಡ್ಡ ಬಂತು. ಎರಡನೆಯ ಸಲ ಇಪ್ಪತ್ತಕ್ಕೆ ದಣಿದು ಕುಳಿತಳು.

ಅಷ್ಟರಲ್ಲಿ ಗೋಡೆಯ ಮೇಲಿಂದ ಪಕ್ಕದ ಮನೆಯ ಭೀಮಶ್ಯಾನ ತಲೆ ಕಾಣಿಸಿತು. ಮೂವತ್ತು ವರ್ಷ ಗಣಿಯಲ್ಲಿ ಮುಕಾದಮನಾಗಿ ಹಮಾಲರನ್ನು ದುಡಿಸಿದ ಮನುಷ್ಯ. ಈಗ ಕೆಲಸವಿಲ್ಲದ್ದರಿಂದ ಓಣಿಯನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದ. ನಂಬರು ನೋಡಿ ಅವನ ಮುಖ ಬಾಡಿತು.

"ವರ್ಗಾ ಆಯ್ತೇನು ತಮ್ಮಾ? ನನಗೊಂದು ಮಾತು ಹೇಳಲಿಲ್ಲಲ್ಲ."

"ಇಲ್ಲ ಕಾಕಾ, ಹುಡುಗಿಗಿ ಆಟ ಆಡಸ್ಲಿಕತ್ತೀನಿ."

"ಫರಸಿ ಮಾರೋರು ಎಲ್ಲರೂ ಮೊದಲ ಹಂಗೇ ಅಂತಾರ. ಇರ್ಲಿ ಬಿಡು, ಚಲೋ ಗಿರಾಕಿ ನಾನೇ ನೋಡ್ತೀನಿ."

ರಾಜರತ್ನ ಬೇಡವೆಂದಷ್ಟೂ ಭೀಮಶ್ಯಾನಿಗೆ ಇವನದು ಸಂಕೋಚವೆನಿಸಿತು. ಹತ್ತು ನಿಮಿಷದಲ್ಲಿ ಅವನಿಂದ ಸುದ್ದಿ ಕೇಳಿದ ಎದುರುಮನೆಯ ಮಾಶಾಬಿ ಕಣ್ಣೊರೆಸುತ್ತ ಬಂದು, ಲುಂಬಿನಿಯ ಕೈಗೆ ಒಂದು ಡಬ್ಬಿ ಶಾವಿಗೆ ಕೊಟ್ಟು, ಎಲ್ಲಿದ್ದರೂ ಸುಖವಾಗಿರಿ ಎಂದಳು. ಹೋಗುವಾಗ ಅಂಗಳದಲ್ಲಿ ಮಲಗಲು ಹಾಕಿದ್ದ ಹೊರಸನ್ನು ತಲೆಯ ಮೇಲೆ ಹೊತ್ತಳು. "ಇಷ್ಟು ದೂರ ಹೊರಸು ಹೊತ್ಕೊಂಡು ಎಲ್ಲಿ ಹೋಗ್ತಿ ಬೇಟಾ? ನನ್ನ ಬಲ್ಲಿ ಇರ್ಲಿ," ಎಂದಳು. ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ರಾಜರತ್ನನಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಫರಸಿಗಳು ಹಂಚಿನಂತೆ ಕಾದವು. ಅಂಗಾಲು ಸುಟ್ಟ ಲುಂಬಿನಿಯನ್ನು ಅವನು ಬಜಾರಿಗೆ ಕರೆದೊಯ್ದು ಹನ್ನೆರಡು ಮಿರ್ಚಿಭಜಿ ಕೊಡಿಸಿದ. ಅದರಲ್ಲಿ ಐದು ತಿಂದರೆ ಏನಾಗುತ್ತದೆ ಎಂದು ಕೇಳಿದ. ಖಾರ ಹತ್ತುತ್ತದೆ ಎಂದಳು. ಆ ಉತ್ತರವನ್ನು ತಪ್ಪೆನ್ನಲು ಅವನಿಗೆ ಆಗಲಿಲ್ಲ.

ಎರಡು ತಾಸಿನ ಮೇಲೆ ಮರಳಿದಾಗ ಅಂಗಳ ಅರ್ಧಕ್ಕರ್ಧ ಕೆಂಪು ಮಣ್ಣಾಗಿತ್ತು. ಭೀಮಶ್ಯಾ ಬೆವರೊರೆಸಿಕೊಳ್ಳುತ್ತ ಗೇಟಿನಲ್ಲಿ ನಿಂತಿದ್ದ. ಹಳೆಯ ಫರಸಿ ಕೊಳ್ಳುವವರ ಟ್ರ್ಯಾಕ್ಟರು ವಾಡಿಯಿಂದ ಬಂದಿತ್ತಂತೆ. ಮೂವತ್ತೇಳಕ್ಕೇ ಟ್ರಾಲಿ ತುಂಬಿತಂತೆ. ಒಂದೂ ಸೀಳದ ಹಾಗೆ ತಾನೇ ಹಾರೆ ಹಾಕಿ ಎಬ್ಬಿಸಿಕೊಟ್ಟೆನೆಂದ. ಅವು ಆಗಲೇ ಹೈದರಾಬಾದಿನ ಲಾರಿ ಏರಿದ್ದವು.

ರಾಜರತ್ನ ಓಣಿಯ ತುದಿಯವರೆಗೆ ಓಡಿ ನೋಡಿ ಬಂದ. ಲುಂಬಿನಿ ಮಾತ್ರ ಅಂಗಳವನ್ನೊಮ್ಮೆ ನಿಧಾನವಾಗಿ ನೋಡಿದಳು.

"ಪಪ್ಪಾ, ಅರವತ್ನಾಲ್ಕರಾಗ ಮೂವತ್ತೇಳು ಹೋದ್ರ ಇಪ್ಪತ್ತೇಳು."

ಅವನು ಫರಸಿಯನ್ನು ಮರೆತ. ಮಗಳನ್ನು ಎತ್ತಿಕೊಂಡು ಆ ಮಣ್ಣಿನಲ್ಲೇ ಎರಡು ಸುತ್ತು ಕುಣಿದ. ಗಣಿತ ಬಂತಲ್ಲ, ಕಲ್ಲಿನದೇನು ಮಹಾ ಎನ್ನಿಸಿತು. ಆ ಸಂತೋಷ ರಾಧಿಕಾ ಬಸ್ಸಿಳಿದು ಬರುವವರೆಗೆ ಇತ್ತು.

ರಾಧಿಕಾ ಬಾಗಿಲಲ್ಲೇ ನಿಂತಳು. "ನಮ್ಮಪ್ಪನ ಫರಸಿ ಎಲ್ಲದಾವ್ರಿ?"

ರಾಜರತ್ನ ತಡವರಿಸುತ್ತ ಎಲ್ಲವನ್ನೂ ಹೇಳಿ, ಮಗಳಿಗೆ ಕಳೆಯುವುದು ಬಂದಿದೆ, ಬೇಕಾದರೆ ಕೇಳು ಎಂದು ಅವಳನ್ನು ಮುಂದೆ ನಿಲ್ಲಿಸಿದ. ಅವನ ಉಳಿವೆಲ್ಲ ಈಗ ಆ ಹುಡುಗಿಯ ಬಾಯಲ್ಲಿತ್ತು. ಮೂವತ್ತೇಳರ ಉತ್ತರ ಕೇಳಿ ರಾಧಿಕಾಳ ಹುಬ್ಬುಗಳು ಚೂರು ಇಳಿದವು.

"ಶಾಣ್ಯಾ ಆಗೀದಿ. ಐವತ್ತೆರಡರಾಗ ಹದಿನೆಂಟು ಹೋದ್ರ?"

ಲುಂಬಿನಿ ಅಂಗಳ ನೋಡಿದಳು, ಆಕಾಶ ನೋಡಿದಳು. ಆಮೇಲೆ ಒಳಗಿನ ಕೋಣೆಯ ಹೊಸ್ತಿಲ ಮೇಲೆ ಸಮಾಧಾನದಿಂದ ಕುಳಿತಳು.

"ಮೊದಲ ಹದಿನೆಂಟು ಹೋಗಲಿ ಮಮ್ಮಿ, ಆಮ್ಯಾಲ ಉಳಿದದ್ದು ಎಣಿಸಿ ಹೇಳ್ತೀನಿ. ಟ್ರ್ಯಾಕ್ಟರ್ ಯಾವಾಗ ಬರ್ತದ?"

ಗೋಡೆಯ ಆಚೆಯಿಂದ ಭೀಮಶ್ಯಾನ ದನಿ ಬಂತು. "ಒಳಗಿನ ಕೋಲ್ಯಾಗ ಬರೋಬ್ಬರಿ ಐವತ್ತೆರಡು ಅವ ನೋಡವ್ವಾ. ನಂಬರ್ ಹಾಕ್ರಿ, ಅಷ್ಟರಾಗ ಫೋನ್ ಹಚ್ಚತೀನಿ."

ರಾಜರತ್ನ ತಿರುಗಿ ನೋಡುವಷ್ಟರಲ್ಲಿ ಲುಂಬಿನಿ ಒಳಗೆ ಮೊಣಕಾಲೂರಿ ಹದಿನೆಂಟನೆಯ ಕಲ್ಲಿಗೆ ನಂಬರು ಬರೆಯುತ್ತಿದ್ದಳು.