ಜೋಕೆ ಎಂದರು ಸಾಹೇಬರು

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆಂಬ ಹಮ್ಮು ಮಸ್ಕತ್ತಿನಲ್ಲಿ ವಿಮಾನ ಇಳಿಯುವವರೆಗೂ ಭದ್ರವಾಗಿತ್ತು. ಅದನ್ನು ಮುರಿದವರು ವಾದಿ ಅದಾಯ್‌ನ ನಮ್ಮ ವರ್ಕ್‌ಶಾಪಿನ ಮ್ಯಾನೇಜರ್ ಸಾಹೇಬರು. ಸ್ಕಾಟ್ಲೆಂಡಿನವರು. ಅವರು ಆಡುವುದೂ ಇಂಗ್ಲಿಷೇ ಎಂದು ಜನ ಹೇಳುತ್ತಿದ್ದರು; ನಂಬಿದ್ದೆ. ಉಡುಪಿಯಲ್ಲಿ ಬಿ.ಎ. ಮಾಡಿದವನು ನಾನು, ಅರ್ಥವಾಗಲಿಲ್ಲ ಎಂದು ಹೇಳುವುದುಂಟೇ? ತಲೆಯಾಡಿಸಿಕೊಂಡು ದಿನ ದೂಡುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ವರ್ಷ ಕಳೆದರೂ ಹೆಂಡತಿ ಶಾರದಾ ಊರಲ್ಲೇ ಇದ್ದಳು. ಕರೆಸಿಕೊಳ್ಳಲು ಫ್ಯಾಮಿಲಿ ವೀಸಾ ಬೇಕು, ಅದಕ್ಕೆ ಸಾಹೇಬರ ಒಪ್ಪಿಗೆ ಬೇಕು. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವರು ಗಡಗಡನೆ ಏನೋ ಹೇಳಿ, ಬೆರಳು ಕುಣಿಸಿ ಹೊರಟುಹೋದರು. ನನ್ನ ಕಿವಿಗೆ ಬಿದ್ದದ್ದು ಎರಡೇ ಮಾತು: ಮೊದಲು ‘ವೈಫ್’, ಕೊನೆಗೆ ‘ಜೋಕೆ’!

ಸ್ಟೋರ್ ನೋಡಿಕೊಳ್ಳುವ ಮಂಗಳೂರಿನ ಲಿಗೋರಿಯ ಬಳಿ ಓಡಿದೆ. “ಅಲ್ಲ ಮಾರಾಯ, ಸಾಹೇಬರಿಗೆ ಕನ್ನಡ ಕಲಿಸಿದ್ದು ನೀನಾ?”

“ನಾನು ಮನೆಯಲ್ಲಿ ಮಾತಾಡುವುದೇ ಕೊಂಕಣಿ, ಅವರಿಗೆಂಥ ಕನ್ನಡ ಕಲಿಸುವುದು! ಆದ್ರೆ ಜೋಕೆ ಅಂದ ಮೇಲೆ ಖಲಾಸ್. ಸುಮ್ಮನಿರು ಮಾರಾಯ, ಇದ್ದ ಕೆಲಸವೂ ಹೋದೀತು.”

ಸುಮ್ಮನಿದ್ದೆ. ತಿಂಗಳುಗಟ್ಟಲೆ ಸುಮ್ಮನಿದ್ದೆ. ಫೋನಿನಲ್ಲಿ ಶಾರದೆಯ ದನಿ ವಾರವಾರಕ್ಕೂ ಬಿಗಿಯಾಯಿತು. “ನಾನು ಬರುವುದು ಬೇಡವಾದರೆ ಬಾಯಿಬಿಟ್ಟು ಹೇಳಿ” ಎಂದು ಅವಳು ಫೋನ್ ಕುಕ್ಕಿದ ಮರುದಿನ, ಕೆಲಸ ಹೋದರೆ ಹೋಗಲಿ ಎಂದು ಸಾಹೇಬರ ಮುಂದೆ ನಿಂತೆ. “ಸರ್, ಅವತ್ತು ನನಗೆ ಜೋಕೆ ಅಂದಿರಿ. ನನ್ನ ತಪ್ಪೇನು?”

ಕನ್ನಡದಲ್ಲಿ ಅದರರ್ಥ ‘ಹುಷಾರ್’ ಎಂದು ನಾನು ಬಿಡಿಸಿ ಹೇಳಿದ ಮೇಲೆ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಳಿಕ ಒಂದೊಂದೇ ಪದವಾಗಿ ವಿವರಿಸಿದರು: ಅವರಂದದ್ದು ‘ಜೋಕೋ’, ಅವರ ಅಜ್ಜಿ ಆಡುತ್ತಿದ್ದ ಸ್ಕಾಟ್ಸ್ ಮಾತು. ಖುಷಿಖುಷಿಯಾಗಿರುವುದು ಅಂತ ಅರ್ಥ. ಅರ್ಜಿ ತಾ, ಹೆಂಡತಿ ಬಂದರೆ ನೀನು ಜೋಕೋ ಆಗುತ್ತೀಯ ಎಂದಿದ್ದರಂತೆ! ನಾನೇ ತರಲಿಲ್ಲವಂತೆ!

ಆಮೇಲೆ ಹಳೆಯದೊಂದು ಪದ್ಯದ ಪುಸ್ತಕ ತೆಗೆದು, ಖುಷಿಗೆ ತಮ್ಮವರಿಟ್ಟ ಬೇರೆ ಹೆಸರುಗಳನ್ನೂ ಪಾಠ ಮಾಡುವವರಂತೆ ನಿಧಾನವಾಗಿ ಓದಿ ಹೇಳಿದರು. ‘ಕ್ಯಾಂಟಿ’ ಎಂದರೆ ಒಲೆಯ ಮುಂದೆ ಬೆಚ್ಚಗೆ ಕೂತವರ ಗೆಲುವು. ಒಟ್ಟಿಗೆ ಹಣ್ಣಾದ ಗಂಡಹೆಂಡಿರಿಗೂ ಕವಿಗಳು ಅದನ್ನೇ ಹೇಳುತ್ತಾರಂತೆ. ‘ಕ್ರೂಸ್’ ಎಂದರೆ ಎದೆಯುಬ್ಬಿಸಿದ ಹುಂಜದ ಗೆಲುವು. ‘ವೋಗಿ’ ಎಂದರೆ ಹೊಸ ಬಟ್ಟೆ ತೊಟ್ಟು ಬೀಗುವವರ ಗೆಲುವು. ನಾನು ಬೆರಗಾಗಿ ಕೂತೆ. ಬಿಸಿಲು ಕಾಣುವುದೇ ಅಪರೂಪವೆಂದು ಸಾಹೇಬರೇ ಗೊಣಗುವ ನಾಡು ಅದು. ಆ ಮೋಡದಡಿಯಲ್ಲಿ, ಚಳಿಯಲ್ಲಿ ಕೈಯುಜ್ಜಿಕೊಳ್ಳುತ್ತ ಯಾವ ಪುಣ್ಯಾತ್ಮರು ಸಂತೋಷವನ್ನು ಇಷ್ಟು ಬಗೆಯಾಗಿ ವಿಂಗಡಿಸಿ ಹೆಸರಿಟ್ಟರೋ! ಮೈ ಜುಮ್ಮೆಂದಿತು. ಕೈಮುಗಿದು ಹೊರಟವನನ್ನು ಸಾಹೇಬರೇ ಕೂಗಿ ಕರೆದರು: “ವೀಸಾ ಬೇಡವೇನಯ್ಯ?”

ಶಾರದಾ ಬಂದಳು. ಸೀಬ್ ವಿಮಾನ ನಿಲ್ದಾಣದಿಂದ ಮನೆಯವರೆಗೂ ಟ್ಯಾಕ್ಸಿಯಲ್ಲಿ ಅವಳಿಗೆ ಆ ಪದಗಳ ಸೊಬಗನ್ನು ಒಂದೂ ಬಿಡದೆ ಬಣ್ಣಿಸಿದೆ. ಅವಳು ಶಾಂತವಾಗಿ ಕೇಳಿಸಿಕೊಂಡಳು.

“ಅಂದ್ರೆ, ಅರ್ಥ ಆಗಲಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆಪಟ್ಟು ನನ್ನನ್ನು ಇಷ್ಟು ತಿಂಗಳು ಕಾಯಿಸಿದ್ದಾ? ಇನ್ನೊಂದು ಸಲ ಹೀಗೆ ಮಾಡಿದ್ರೆ, ಜೋಕೆ!”

ಈ ಸಲ ಅರ್ಥ ಕೇಳಲು ನಾನು ಯಾರ ಬಳಿಯೂ ಹೋಗಬೇಕಾಗಲಿಲ್ಲ.