ಗೋಳಗುಮ್ಮಟದಲ್ಲಿ ನಾನು ಕೇಳಿಸಿಕೊಳ್ಳದ ಮಾತು

ಯಾರಾದರೂ ಒಂದು ಸಂಗತಿಯನ್ನು ಖಚಿತವಾದ ದನಿಯಲ್ಲಿ ಹೇಳಿದರೆ ಸಾಕು, ಅದನ್ನು ನಂಬಬಾರದೆಂಬ ಹಟ ನನ್ನಲ್ಲಿ ಹುಟ್ಟಿಬಿಡುತ್ತದೆ. ಇದು ಗುಣವೋ ರೋಗವೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿದೆ. ಆ ಒಮ್ಮತಕ್ಕೆ ಬರುವಾಗ ನನ್ನನ್ನು ಯಾರೂ ಕೇಳಿಲ್ಲ. ನಾನು ಶಾಲೆ ಕಲಿತದ್ದು ಏಳನೆಯ ಇಯತ್ತೆಯವರೆಗೆ. ಮುಂದಿನದನ್ನೆಲ್ಲ ನಮ್ಮೂರು ಹೊನವಾಡದ ವಾಚನಾಲಯದ ಕಪಾಟು ಕಲಿಸಿತು. ಒಂದೇ ಯುದ್ಧವನ್ನು ಮೂರು ಪುಸ್ತಕಗಳಲ್ಲಿ ಓದಿ, ಮೂರರಲ್ಲಿಯೂ ಬೇರೆ ಬೇರೆಯವರು ಗೆದ್ದದ್ದನ್ನು ಕಂಡವನು ಅನುಮಾನಪಡದೆ ಇರುವುದಾದರೂ ಹೇಗೆ? ಅದಕ್ಕೂ ಮೊದಲು, ಐದನೆಯ ಇಯತ್ತೆಯಲ್ಲಿ, ಮಾಸ್ತರರು ನಮ್ಮನ್ನು ಗೋಳಗುಮ್ಮಟಕ್ಕೆ ಕರೆದೊಯ್ದಿದ್ದರು. ಕೂಗಿದರೆ ಏಳು ಸಲ ಮಾರ್ದನಿ ಬರುತ್ತದೆಂದರು. ನಾನು ಎಣಿಸಿ, ನಾಲ್ಕು ಎಂದೆ. "ಪುಸ್ತಕದಾಗ ಏಳ ಐತಿ. ನಿನ್ನ ಕಿವಿ ತೊಳ್ಕೊಳಲೇ," ಎಂದರು. ಅಂದಿನಿಂದ ನಾನು ಕಿವಿಯನ್ನು ತೊಳೆಯುತ್ತಲೇ ಬಂದಿದ್ದೇನೆ; ಪುಸ್ತಕವನ್ನು ಮಾತ್ರ ಯಾರೂ ತೊಳೆಯಲಿಲ್ಲ.

ಇಂಥ ನನ್ನನ್ನು ಕಳೆದ ದೀಪಾವಳಿ ರಜೆಯಲ್ಲಿ ಪ್ರವಾಸಕ್ಕೆ ಹೊರಡಿಸಿದವಳು ನನ್ನ ಮಗಳು ಶೋಭಾ. ಸೊಲ್ಲಾಪುರದಲ್ಲಿ ಮಾಸ್ತರಿಕೆ ಮಾಡುತ್ತಾಳೆ. ಬಂದವಳೇ, ಎರಡು ದಿನ ವಿಜಯಪುರದಲ್ಲಿ ಲಾಡ್ಜು ಹಿಡಿದು ಊರೆಲ್ಲ ನೋಡಿ, ಬೇಕಾದ್ದನ್ನು ತಿಂದು ಬರೋಣವೆಂದಳು. ಹೊನವಾಡದಿಂದ ಬಸ್ಸು ಹತ್ತಿದರೆ ಗಂಟೆಯೊಳಗೆ ಮುಟ್ಟುವ ಊರು! ಸಂಜೆಗೆ ಮನೆಗೆ ಮರಳಬಹುದಾದ ಊರಿನಲ್ಲಿ ಲಾಡ್ಜು ಹಿಡಿಯುವವರನ್ನು ಪೊಲೀಸರು ವಿಚಾರಿಸಬೇಕು ಎಂದೆ.

"ಅಪ್ಪಾ, ಅವ್ವ ವಿಜಾಪುರದಾಗ ಏನ್ ನೋಡ್ಯಾಳ ಹೇಳು ನೋಡೂಣು? ದವಾಖಾನಿ, ಅರಿವಿ ಅಂಗಡಿ, ಬಸ್ ಸ್ಟ್ಯಾಂಡ. ಮತ್ತೇನರ ನೋಡಿದ್ರ ಹೇಳು."

ನಾನು ನಾಲ್ಕನೆಯದನ್ನು ಹುಡುಕತೊಡಗಿದೆ. ಅಷ್ಟರಲ್ಲಿ ನನ್ನ ಹೆಂಡತಿ ಗಂಗವ್ವ ಚೀಲ ಕಟ್ಟಿ ಹೊಸ್ತಿಲಿನಲ್ಲಿ ನಿಂತಿದ್ದಳು.

ಬಸ್ಸು ತಿಕೋಟಾ ದಾಟುವಾಗ ಶೋಭಾ, "ಯವ್ವಾ, ನಿನಗೇನ್ ಬೇಕು ಹೇಳು, ಅದನ್ನ ತಿನಿಸ್ತೇನಿ," ಎಂದು ಕೇಳಿದಳು. ಐಸ್‌ಕ್ರೀಮೋ ಮತ್ತೊಂದೋ ಎಂದಾಳೆಂದು ನಾನು ಎಣಿಸಿದ್ದೆ. ಗಂಗವ್ವ ಕಿಡಕಿಯ ಹೊರಗಿನ ದ್ರಾಕ್ಷಿ ತೋಟಗಳನ್ನು ನೋಡುತ್ತ ಹೇಳಿದಳು: "ನನಗ ಒಂದ ಬಿಸಿ ರೊಟ್ಟಿ ಬೇಕವಾ. ನಲವತ್ತ ವರ್ಷ ಆತು ಬಡಿಯಾಕ ಹತ್ತಿ. ಎಲ್ಲಾರೂ ಹಂಚಿನ ಮ್ಯಾಲಿಂದ ತಾಟಿಗೆ ಬಂದದ್ದ ತಿಂತಾರ, ನನ್ನ ಪಾಳಿ ಬರೂದ್ರಾಗ ಒಲಿ ಆರಿರ್ತೈತಿ. ಒಂದ ಸಲ ನಾ ಕುಂತಲ್ಲೆ, ಮತ್ತೊಬ್ರು ಬಡದದ್ದು, ಹೊಗಿ ಆಡೂದು ಬರಬೇಕು."

ಪಟ್ಟಣಕ್ಕೆ ಹೋಗಿ ರೊಟ್ಟಿ ತಿನ್ನುವುದೆಂದರೇನು ಎಂದು ನನಗೆ ನಗು ಬಂತು. ಆ ನಲವತ್ತು ವರ್ಷದ ಬಿಸಿ ರೊಟ್ಟಿಗಳೆಲ್ಲ ಯಾರ ಹೊಟ್ಟೆ ಸೇರಿದವೆಂಬುದು ಆಗ ಹೊಳೆದಿದ್ದರೆ ನಕ್ಕಿರುತ್ತಿರಲಿಲ್ಲ.

ಮಧ್ಯಾಹ್ನ ಒಂದು ಖಾನಾವಳಿಗೆ ಹೋದೆವು. ಹೊರಗಿನ ಬೋರ್ಡಿನಲ್ಲಿ 'ಶುದ್ಧ ಕೈ ರೊಟ್ಟಿ' ಎಂದು ಬರೆದಿತ್ತು. ಶುದ್ಧ ಎಂದು ಬರೆಯಬೇಕಾಗಿ ಬಂದಲ್ಲಿ ಏನೋ ಅಶುದ್ಧ ಇದ್ದೇ ಇರುತ್ತದೆಂಬುದು ನನ್ನ ಅನುಭವ. ಈಚೆಗೆ ರೊಟ್ಟಿ ಒತ್ತುವ ಯಂತ್ರಗಳು ಬಂದಿವೆ. ತಾಟಿಗೆ ರೊಟ್ಟಿ ಬಂತು, ಹೊಗೆಯಾಡುತ್ತಿತ್ತು. ನಾನು ಅದರ ಅಂಚನ್ನು ಬೆಳಕಿಗೆ ಹಿಡಿದೆ. ಅನುಮಾನಾಸ್ಪದವಾಗುವಷ್ಟು ದುಂಡಗಿತ್ತು. "ನೋಡಿ ಬರ್ತೇನಿ," ಎಂದು ಎದ್ದು ನೇರವಾಗಿ ಅಡುಗೆಮನೆ ಹೊಕ್ಕೆ.

ಒಲೆಯ ಮುಂದೆ ಒಬ್ಬ ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಳು. "ಯಜ್ಜಾ, ಏನ್ ಹುಡಕಾಕತ್ತೀರಿ? ಬೆಕ್ಕ ಬಂತೇನ್ರಿ ಒಳಗ?"

"ಮಶೀನ ಎಲ್ಲೆ ಇಟ್ಟಿ?"

ಅವಳು ಹಿಟ್ಟು ಮೆತ್ತಿದ ಎರಡೂ ಅಂಗೈಗಳನ್ನು ಎತ್ತಿ ತೋರಿಸಿದಳು. "ಇವ ನೋಡ್ರಿ ಮಶೀನ. ಸಾರವಾಡದಾಗ ತಯಾರಾದದ್ದು. ಇನ್ನೂ ಒಮ್ಮಿನೂ ರಿಪೇರಿಗೆ ಬಂದಿಲ್ರಿ."

ಒಂದು ಮಾತಿಗೆ ತೃಪ್ತನಾಗುವವನು ನಾನಲ್ಲ. ನನ್ನೆದುರಿಗೇ ಎರಡು ರೊಟ್ಟಿ ತಟ್ಟಿಸಿ ನೋಡಿದೆ. ಜೋಳ ಎಲ್ಲಿಯದು, ಹಿಟ್ಟಿಗೆ ಎಸರು ಎಷ್ಟು ಕಾಯಿಸುತ್ತಾಳೆ ಎಂದು ವಿಚಾರಿಸಿದೆ. ಬೋರ್ಡು ಸತ್ಯವೆಂದು ಸಿದ್ಧಪಡಿಸಿಕೊಂಡು ಗೆಲುವಿನಿಂದ ಹೊರಬಂದಾಗ, ಗಂಗವ್ವ ತಾಟಿನ ಮುಂದೆ ಕೈಕಟ್ಟಿ ಕುಳಿತಿದ್ದಳು. ಗಂಡ ಕೈಯಿಕ್ಕದೆ ತಾನು ತುತ್ತು ಎತ್ತುವ ಪದ್ಧತಿ ಅವಳಲ್ಲಿಲ್ಲ. ರೊಟ್ಟಿ ಮುರಿದಳು, ಹಪ್ಪಳದಂತೆ ಸಪ್ಪಳವಾಯಿತು. "ನಿಮ್ಮಪ್ಪಗ ಹೇಳು ಶೋಭಾ," ಎಂದಳು, "ಆರಿದ್ದು ಮನ್ಯಾಗೂ ಸಿಗ್ತಿತ್ತು."

ಅದೇ ಕೊನೆ. ಆಮೇಲೆ ಅವಳು ನನ್ನೊಂದಿಗೆ ನೇರವಾಗಿ ಮಾತಾಡಲಿಲ್ಲ. ಮಲಿಕ್ ಮೈದಾನ ತೋಪಿನ ಮುಂದೆ, ಬತ್ತಿ ಹಚ್ಚಿದೊಡನೆ ಗೋಲಂದಾಜನು ಅದರ ಸಪ್ಪಳಕ್ಕೆ ಹೆದರಿ ನೀರಿನ ಹೊಂಡಕ್ಕೆ ಹಾರುತ್ತಿದ್ದನೆಂಬ ಕತೆಯನ್ನು ಶೋಭಾ ಓದಿ ಹೇಳಿದಾಗ, ತೊಯ್ದ ಕೈಯಿಂದ ಮರುಸಲ ಮದ್ದು ತುಂಬುತ್ತಿದ್ದನೇ ಎಂದು ನಾನು ಕೇಳಿದೆ. ಬೇರೆ ಹೊತ್ತಿನಲ್ಲಾಗಿದ್ದರೆ ಗಂಗವ್ವ ನಗುತ್ತಿದ್ದಳು. ಆ ದಿನ ನಗಲಿಲ್ಲ. ನನ್ನ ಪ್ರಶ್ನೆ ಆ ತೋಪಿಗಿಂತ ಭಾರವಾಗಿ ಅಲ್ಲಿಯೇ ಬಿದ್ದುಕೊಂಡಿತು.

ಮರುದಿನ ಬೆಳಿಗ್ಗೆ, ಜನರ ಗದ್ದಲವಾಗುವ ಮೊದಲೇ, ಗೋಳಗುಮ್ಮಟದ ಮೆಟ್ಟಿಲು ಹತ್ತಿದೆವು. ಮೇಲಿನ ದುಂಡು ಮೊಗಸಾಲೆಯಲ್ಲಿ ಒಬ್ಬ ಗೈಡು ಸಿಕ್ಕ. "ಅಜ್ಜಾರ, ಇಲ್ಲೆ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ, ಆ ಕಡಿ ಗ್ವಾಡಿಗೆ ಕಿವಿ ಹಚ್ಚಿದವ್ರಿಗೆ ಕೇಳ್ತೈತ್ರಿ."

"ಏನ್ ಅಂತಾರಂತ ಮೊದಲ ಗೊತ್ತಿದ್ರ, ಕಿವುಡನೂ ಕೇಳ್ತು ಅಂತಾನ," ಎಂದೆ.

ಪರೀಕ್ಷೆಯ ನಿಯಮಗಳನ್ನು ನಾನೇ ಗೊತ್ತುಮಾಡಿದೆ. ನುಡಿಯುವವರು ಗೈಡಿನ ಕಡೆಯವರಾಗಿರಬಾರದು. ನಾನು ಊಹಿಸಲಾರದ ಮಾತನ್ನೇ ಹೇಳಬೇಕು. ಅವರ ಹತ್ತಿರ ಯಾರೂ ನಿಲ್ಲಬಾರದು. ಗಂಗವ್ವನೇ ನುಡಿಯಲಿ ಎಂದೆ. ಶೋಭಾ ಮತ್ತು ಗೈಡು ನಮ್ಮಿಬ್ಬರಿಂದಲೂ ದೂರ, ಬಾಗಿಲಲ್ಲಿ ನಿಂತರು. "ನಿಮ್ಮಪ್ಪಗ ಹೇಳು, ನನಗ ತಿಳದದ್ದ ಹೇಳ್ತೇನಿ," ಎಂದು ಗಂಗವ್ವ ಆಚೆಯ ಬದಿಗೆ ನಡೆದಳು. ನಾನು ಗೋಡೆಗೆ ಕಿವಿ ಹಚ್ಚಿದೆ.

ಕಲ್ಲೇ ನನ್ನ ಕಿವಿಯಲ್ಲಿ ಮಾತಾಡಿದಂತಾಯಿತು. "ಲೇ ಸಂಗ್ಯಾ, ನಿನ್ನ ಸಂಶಯಕ್ಕ ಬೆಂಕಿ ಬೀಳ್ಲಿ. ಒಂದ ಬಿಸಿ ರೊಟ್ಟಿ ತಿನ್ನಾಕ ಬಿಡಲಿಲ್ಲಲ್ಲೋ."

ಸಂಗಪ್ಪ ಎಂಬುದು ನನ್ನ ಹೆಸರು. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿಯುವುದಿಲ್ಲ; ಮದುವೆ ಮನೆಗಳಲ್ಲಿ ಎಲ್ಲರೂ ಕಾಡಿದಾಗ ಒಡಪೆಂಬ ಪದ್ಯದೊಳಗೆ ಮುಚ್ಚಿ, ಬಾಯಿಗೆ ಸೆರಗು ಹಿಡಿದು, ಒಂದು ಸಲ ಹೇಳಿದರೆ ಹೆಚ್ಚು. ರೇಷನ್ ಕಾರ್ಡಿಗಾಗಿ ಹೋದಾಗ ಗಂಡನ ಹೆಸರು ಕೇಳಿದರೆ, ಗಂಗವ್ವ ಪಾಳಿಯಲ್ಲಿ ಹಿಂದೆ ನಿಂತವಳನ್ನು ತಿವಿದು ಅವಳಿಂದ ಹೇಳಿಸಿದ್ದಳು. ಅಂಥವಳ ಬಾಯಲ್ಲಿ ಸಂಗಪ್ಪನಲ್ಲ, ಸಂಗ್ಯಾ. ಅದರ ಮುಂದೆ ಲೇ! ಇಷ್ಟು ಧೈರ್ಯ ಎಲ್ಲಿಂದ ಬಂತೆಂದು ಬೆರಗಾಗಿ ನಿಂತವನಿಗೆ ಒಮ್ಮೆಲೆ ಅರ್ಥವಾಯಿತು. ಈ ಗೋಡೆಯ ಕತೆಯೆಲ್ಲ ಬುರುಡೆಯೆಂದು ನಲವತ್ತು ವರ್ಷ ಅವಳಿಗೆ ಹೇಳುತ್ತ ಬಂದವನು ನಾನೇ. ಜಗತ್ತಿನಲ್ಲಿ ನನ್ನ ಅನುಮಾನಗಳನ್ನು ಪೂರ್ತಿ ನಂಬಿದ ಒಬ್ಬಳೇ ವ್ಯಕ್ತಿ, ಆ ನಂಬಿಕೆಯ ಮೇಲೆಯೇ ನಿಂತು, ಯಾರಿಗೂ ಕೇಳಲಾರದೆಂದು ಮನಸ್ಸು ಹಗುರ ಮಾಡಿಕೊಂಡಿದ್ದಳು.

"ಏನ್ ಕೇಳ್ತ್ರಿ ಅಜ್ಜಾರ?" ಗೈಡು ಓಡಿ ಬಂದ.

ಕೇಳಿತೆಂದರೆ, ಏನು ಕೇಳಿತೆಂದು ಹೇಳಬೇಕು. ಹೇಳಿದರೆ ಆ ಹೆಂಗಸು ನಾಚಿಕೆಯಿಂದ ಮೂರು ದಿನ ಉಣ್ಣುವುದಿಲ್ಲ, ತಣ್ಣಗಿನದನ್ನೂ. ನಾನು ಕಿವಿ ಒರೆಸಿಕೊಂಡೆ. "ಏನೂ ಕೇಳಲಿಲ್ಲ," ಎಂದೆ.

ಗೈಡು ಹಣೆಗೆ ಕೈ ಹಚ್ಚಿಕೊಂಡ. ಸುತ್ತಿಬಂದ ಗಂಗವ್ವನ ಮುಖ ಮಾತ್ರ ಮಿಂದು ಬಂದವರಂತೆ ತಿಳಿಯಾಗಿತ್ತು. ಹಿಂದಿನ ದಿನದಿಂದ ಮೊದಲ ಸಲ ನನಗೇ ಹೇಳಿದಳು: "ನೀವ್ ಅಂದದ್ದ ಖರೇ ಬಿಡ್ರಿ. ಬರೇ ಸುಳ್ಳ ಹೇಳ್ತಾರಿವ್ರು."

ಮಧ್ಯಾಹ್ನ ಅದೇ ಖಾನಾವಳಿಗೆ ನಡೆಯೋಣವೆಂದೆ. ರೊಟ್ಟಿ ಬಂದೊಡನೆ ಒಂದು ತುಣುಕು ಮುರಿದು ಬಾಯಿಗಿಟ್ಟು, "ನನ್ನದು ಸುರು ಆತು, ನೀ ತಿನ್ನು. ಕೈ ಸರಿ ತೊಳದಿಲ್ಲ, ಬರ್ತೇನಿ," ಎಂದು ನಲ್ಲಿಯ ಕಡೆ ಹೋದೆ. ಬಹಳ ಹೊತ್ತು ತೊಳೆದೆ. ಅಲ್ಲಿದ್ದ ಕನ್ನಡಿಯಲ್ಲಿ ಗಂಗವ್ವ ಕಾಣುತ್ತಿದ್ದಳು. ರೊಟ್ಟಿಯ ಹೊಟ್ಟೆ ಒಡೆದು ಉಗಿ ಅವಳ ಮುಖಕ್ಕೆ ಏರಿತು. ಎರಡನೆಯದು ಬಂತು, ಮೂರನೆಯದೂ ಬಂತು. ನಾನು ಮರಳಿದಾಗ ನನ್ನ ತಾಟಿನದು ಆರಿ ಕಟಕ್ಕಾಗಿತ್ತು. "ಯಾಕ್ರಿ, ಇವತ್ತ ಅಡಗಿಮನಿ ನೋಡಾಕ ಹೋಗೂದಿಲ್ಲೇನು?" ಎಂದು ಕೇಳಿದಳು. ತುಟಿಯಂಚಿನಲ್ಲಿದ್ದುದು ನಗುವೋ ಬೆಣ್ಣೆಯೋ ತಿಳಿಯಲಿಲ್ಲ.

ಈಗ ಹೊನವಾಡದ ನಮ್ಮ ಓಣಿಯಲ್ಲಿ, ಆ ಗೋಡೆಯ ಮಾತು ಶುದ್ಧ ಸುಳ್ಳೆಂಬುದು ಎಲ್ಲರಿಗೂ ಗೊತ್ತಿದೆ. "ನಮ್ಮ ಮನಿಯವ್ರ ಸ್ವತಾ ಕಿವಿ ಹಚ್ಚಿ ನೋಡ್ಯಾರ," ಎಂದು ಗಂಗವ್ವ ಕಟ್ಟೆಯ ಮೇಲೆ ಕುಳಿತು ಹೇಳುತ್ತಾಳೆ. ಕೇಳಿದವರು ನನ್ನ ಕಡೆ ನೋಡುತ್ತಾರೆ, ನಾನು ಗೋಣು ಹಾಕುತ್ತೇನೆ. ತಪ್ಪು ಇತಿಹಾಸಗಳು ಹೇಗೆ ಹುಟ್ಟುತ್ತವೆಂದು ಕಪಾಟುಗಟ್ಟಲೆ ಓದಿ ಹುಡುಕಿದವನಿಗೆ, ಅದಕ್ಕೆ ಒಂದು ಗೋಣು ಸಾಕೆಂಬುದು ಈಗ ತಿಳಿದಿದೆ. ಆದರೆ ಆ ಮಾತು ಹೇಳುವಾಗ ಅವಳು ಮಾತ್ರ ನನ್ನ ಕಡೆ ನೋಡುವುದಿಲ್ಲ. ನನಗೆ ಕೇಳಿತ್ತೆಂಬುದು ಅವಳಿಗೆ ಗೊತ್ತಿದೆಯೇ? ನನ್ನ ಆಯುಷ್ಯದಲ್ಲಿ ಪರೀಕ್ಷೆಗೆ ಹಚ್ಚದೆ ಬಿಟ್ಟ ಅನುಮಾನ ಇದೊಂದೇ.